ತಂತ್ರಾಂಶಕ್ಕೆ ಕೋಡಿ ಬೇಡ, ತೂಬು ಸಾಕು

ಹೊಳಲ್ಕೆರೆ, ಹೊಸದುರ್ಗದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗೆಂದು ಬಂದ ರೈತರು ಮೊದಲು ಕೇಳುವುದು ‘ಸರ್ವರ್ ಇದೆಯಾ ಸಾರ್?’ ಎಂದು. ಸರ್ವರ್ ಕೈಕೊಟ್ಟರೆ ಬೆಳೆಸಾಲದ ಅರ್ಜಿಯೂ ಅಲ್ಲಿಗೇ ನಿಂತಿತು.

2000ದ ಸುಮಾರಿಗೆ ‘ಭೂಮಿ’ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ರಾಜ್ಯದ ಅಂದಿನ 177 ತಾಲ್ಲೂಕುಗಳಿಗೂ ಬೇರೆಬೇರೆ ಸರ್ವರ್ ಇತ್ತು. ಹಿರಿಯೂರಿನದು ಕೆಟ್ಟರೂ ಚಿತ್ರದುರ್ಗದ ಕೆಲಸ ನಡೆಯುತ್ತಿತ್ತು. ಈಗ ಇಂಥ ಸೇವೆಗಳೆಲ್ಲ ಒಂದೆಡೆ ಸೇರುತ್ತಿವೆ. ಆದ್ದರಿಂದಲೇ ಹೊಸ ಆವೃತ್ತಿ ಸರ್ವರಿಗೆ ಹೇಗೆ ಇಳಿಯುತ್ತದೆ ಎನ್ನುವುದು ಎಂಜಿನಿಯರುಗಳಷ್ಟೇ ಚಿಂತಿಸುವ ಸಂಗತಿಯಾಗಿ ಉಳಿದಿಲ್ಲ.

ಕಾಲೇಜು ಪ್ರಾಜೆಕ್ಟುಗಳಲ್ಲಿ ಬಹಳವಾಗಿ ಬಳಸುವ ‘ಟಾಮ್‌ಕ್ಯಾಟ್’ ಸರ್ವರನ್ನೇ ನೋಡೋಣ. ಅದರ ‘ಆಟೋಡಿಪ್ಲಾಯ್’ ಸೆಟ್ಟಿಂಗ್ ಮೊದಲಿನಿಂದಲೇ ಚಾಲೂ ಇರುತ್ತದೆ. ‘ವೆಬ್‌ಆ್ಯಪ್ಸ್’ ಫೋಲ್ಡರಿಗೆ ಹೊಸ ಫೈಲ್ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಸರ್ವರ್ ಅದನ್ನು ಗುರುತಿಸಿ, ಬಿಚ್ಚಿ, ಓಡಿಸುತ್ತದೆ. ಕಲಿಯುವವರಿಗೆ ಇದು ವರ. ಜನ ಬಳಸುವ ಸರ್ವರಿನಲ್ಲಿ ಮಾತ್ರ ಅಪಾಯ. ಆ ಫೋಲ್ಡರಿನಲ್ಲಿ ಬರೆಯಲು ಸಾಧ್ಯವಾದ ಯಾರೇ ಆಗಲಿ ತಮ್ಮ ಪ್ರೋಗ್ರಾಮನ್ನು ಅಲ್ಲಿ ನಡೆಸಬಲ್ಲರು. ಹೊಸ ಆವೃತ್ತಿ ಹಳೆಯದರ ಜಾಗಕ್ಕೆ ಬಂದ ಕ್ಷಣ ಬಳಕೆದಾರರ ಸೆಷನ್‌ಗಳು ಅಳಿಯುತ್ತವೆ. ಅರ್ಧ ತುಂಬಿದ ಅರ್ಜಿ ಹೋಯಿತೆಂದೇ ಅರ್ಥ.

ಆಟೋಡಿಪ್ಲಾಯ್ ಎಂದರೆ ಕೋಡಿಯಿದ್ದಂತೆ. ಮಾರಿಕಣಿವೆ ಜಲಾಶಯದ ಕೋಡಿ ಯಾರ ಅಪ್ಪಣೆಗೂ ಕಾಯುವುದಿಲ್ಲ. 1933ರ ನಂತರ 2022ರಲ್ಲಿ ಜಲಾಶಯ ತುಂಬಿದಾಗ ನೀರು ತಾನಾಗಿಯೇ ಹರಿಯಿತು. ನಾಲೆಗೆ ನೀರು ಬೇಕಾದರೆ ಮಾತ್ರ ತೂಬನ್ನು ಮನುಷ್ಯರೇ ಎತ್ತಬೇಕು. ತಂತ್ರಾಂಶಕ್ಕೆ ಬೇಕಾದ್ದು ಈ ಎರಡನೆಯ ವ್ಯವಸ್ಥೆ.

ಹಾಗೆಂದು ಎಲ್ಲವನ್ನೂ ಕೈಯಿಂದಲೇ ಮಾಡಿ ಎನ್ನುವುದೂ ಸರಿಯಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ತಪ್ಪಿಹೋಗಿತ್ತು, ಅಷ್ಟೇ. ಇನ್ನೊಂದು ತುದಿಯಲ್ಲಿ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟ್ ತಾನಾಗಿ ಹರಡಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಕೆಡವಿತು.

ಫೈಲ್ ಸಾಗಿಸುವುದು, ಪರೀಕ್ಷಿಸುವುದು, ಎಲ್ಲ ಸರ್ವರಿಗೂ ತಲುಪಿತೇ ಎಂದು ತಾಳೆ ನೋಡುವುದು ಯಂತ್ರದ ಪಾಲಿಗಿರಲಿ. ‘ಈಗ ಬಿಡು’ ಎನ್ನುವ ತೀರ್ಮಾನ ಹೊಣೆ ಹೊತ್ತ ಒಬ್ಬರದಾಗಿರಲಿ. ಮೊದಲು ಒಂದು ತಾಲ್ಲೂಕಿಗೆ, ಅದೂ ಕಚೇರಿ ಮುಚ್ಚಿದ ಮೇಲೆ, ಸರಿಯಿದ್ದರೆ ಉಳಿದವಕ್ಕೆ. ಟಾಮ್‌ಕ್ಯಾಟ್‌ನಲ್ಲಿ ಎರಡು ಆವೃತ್ತಿಗಳನ್ನು ಒಟ್ಟಿಗೇ ಓಡಿಸುವ ಸೌಲಭ್ಯವೂ ಉಂಟು: ಹಳೆಯ ಬಳಕೆದಾರರು ಹಳೆಯದರಲ್ಲೇ ಕೆಲಸ ಮುಗಿಸುತ್ತಾರೆ, ಹೊಸಬರು ಹೊಸದಕ್ಕೆ ಹೋಗುತ್ತಾರೆ.

ಜಿಲ್ಲೆಯ ಸಹಕಾರ ಸಂಘಕ್ಕೋ ಶಾಲೆಗೋ ತಂತ್ರಾಂಶ ಮಾಡಿಕೊಡುವ ನಮ್ಮ ಯುವ ಎಂಜಿನಿಯರುಗಳಲ್ಲಿ ಒಂದು ಕೋರಿಕೆ. ಸರ್ವರನ್ನು ಒಪ್ಪಿಸುವ ಮುನ್ನ ಆಟೋಡಿಪ್ಲಾಯ್ ಸಾಲನ್ನು ‘ಫಾಲ್ಸ್’ ಮಾಡಿ. ಹಿಂದಿನ ಆವೃತ್ತಿಯ ಪ್ರತಿಯನ್ನೂ, ಅದಕ್ಕೆ ಮರಳುವ ವಿಧಾನವನ್ನು ಕನ್ನಡದಲ್ಲೇ ಬರೆದ ಟಿಪ್ಪಣಿಯನ್ನೂ ಅಲ್ಲಿನ ಸಿಬ್ಬಂದಿಯ ಕೈಗೆ ಕೊಡಿ.