ಸರ್ವರ್ ಬಾಗಿಲು ತಟ್ಟಿ ಹೋದವರ ಲೆಕ್ಕ ಎಲ್ಲಿರುತ್ತೆ?

ಹೋದ ಟೊಮೆಟೊ ಸೀಸನ್‌ನಲ್ಲಿ ಕೋಲಾರದಲ್ಲಿ ಮಂಡಿ ನಡೆಸೋ ಗೆಳೆಯ ಫೋನ್ ಮಾಡಿದ. "ಮಗಾ, ಲಾಗಿನ್ ಆದ ತಕ್ಷಣ ಸಾವಿರಾರು ಸಲ ಫೇಲ್ ಆಗಿದೆ ಅಂತ ತೋರಿಸ್ತಿದೆ, ಏನೋ ಇದು?" ಅಂದ. ರೈತರಿಗೆ ಕೊಡಬೇಕಾದ ಬಾಕಿ, ಅವರ ಬ್ಯಾಂಕ್ ಖಾತೆ ನಂಬರ್ ಎಲ್ಲಾ ಆ ಸರ್ವರ್‌ನಲ್ಲೇ. ಮುಳಬಾಗಿಲಿನ ಮನೆಯಿಂದಲೂ ಲೆಕ್ಕ ನೋಡೋಣ ಅಂತ ಅದನ್ನ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನಮ್ಮ ಭಾಷೆಯಲ್ಲೇ ಹೇಳ್ತೀನಿ. ಲಿನಕ್ಸ್ ಒಬ್ಬ ಕಟ್ಟುನಿಟ್ಟಿನ ಗುಮಾಸ್ತ. ಒಳಗೆ ಬಂದವರದ್ದು ಒಂದು ಪುಸ್ತಕ, ಬಾಗಿಲಲ್ಲೇ ವಾಪಸ್ ಹೋದವರದ್ದು ಇನ್ನೊಂದು. ಈ ಎರಡನೇ ಪುಸ್ತಕದ ಹೆಸರು 'ಬಿಟಿಎಂಪಿ'. ಇದು ಸಾಮಾನ್ಯ ಟೆಕ್ಸ್ಟ್ ಫೈಲ್ ಅಲ್ಲ, ಓದೋಕೆ ರೂಟ್ ಅಧಿಕಾರದಲ್ಲಿ 'ಲಾಸ್ಟ್‌ಬಿ' ಅನ್ನೋ ಕಮಾಂಡ್ ಕೊಡಬೇಕು. ಹೆಸರು, ಐಪಿ ವಿಳಾಸ, ಸಮಯ ಬರುತ್ತೆ. ಇನ್ನೂ ವಿವರ ಬೇಕಂದ್ರೆ ಉಬುಂಟುನಲ್ಲಿ 'ಆಥ್ ಡಾಟ್ ಲಾಗ್', ರೆಡ್ ಹ್ಯಾಟ್ ಬಳಗದಲ್ಲಿ 'ಸೆಕ್ಯೂರ್' ಅನ್ನೋ ಫೈಲ್ ನೋಡಿ.

ನಾನು ಮಾಲೂರಿನಲ್ಲಿ ಕೂತು ಫೋನ್‌ನಲ್ಲೇ ತೆಗೆದು ನೋಡಿದೆ. ರೂಟ್, ಅಡ್ಮಿನ್, ಟೆಸ್ಟ್ ಅಂತ ಸಾಲು ಸಾಲು. ಇದು ಯಾರೋ ಕೂತು ಟೈಪ್ ಮಾಡಿದ್ದಲ್ಲ, ಸಿಕ್ಕ ಸಿಕ್ಕ ಐಪಿಗಳ ಬಾಗಿಲು ತಟ್ಟೋ ಬಾಟ್‌ಗಳ ಕೆಲಸ. ಫೇಲ್ ಆಗಿದ್ದು ಸಾವಿರ ಇದ್ರೂ ಗಾಬರಿ ಬೇಡ. ಅದೇ ಐಪಿಯಿಂದ 'ಅಕ್ಸೆಪ್ಟೆಡ್' ಅಂತ ಒಂದು ಸಾಲು ಇದ್ಯಾ? ಅದನ್ನ ಹುಡುಕಿ. ನಮಗೆ ಸಿಗಲಿಲ್ಲ, ಪುಣ್ಯ.

ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕೋಕೆ ಹೊರಟಾಗ ಒಂದು ಸಾಲು ಕಣ್ಣಿಗೆ ಬಿತ್ತು. ಯೂಸರ್ ಹೆಸರಿನ ಜಾಗದಲ್ಲಿ ನನ್ನದೇ ಪಾಸ್‌ವರ್ಡ್! ಅವಸರದಲ್ಲಿ ತಪ್ಪು ಬಾಕ್ಸ್‌ನಲ್ಲಿ ಟೈಪ್ ಮಾಡಿದ್ದೆ. ತಪ್ಪು ಪಾಸ್‌ವರ್ಡ್ ಏನು ಅಂತ ಲಾಗ್ ಬರೆಯಲ್ಲ. ಆದ್ರೆ ಹೆಸರು ಅಂತ ಕೊಟ್ಟಿದ್ದನ್ನ ಹಾಗೇ ಬರೆದಿಡುತ್ತೆ. ಅದಕ್ಕೇ ಈ ಫೈಲ್‌ಗಳನ್ನ ಎಲ್ಲರೂ ಓದೋ ಹಾಗೆ ಇಡಲ್ಲ. ನಿಮಗೂ ಹೀಗಾದ್ರೆ ಲಾಗ್ ಅಳಿಸೋಕೆ ಹೋಗಬೇಡಿ, ಪಾಸ್‌ವರ್ಡ್ ಬದಲಾಯಿಸಿ. ನಾನು ಅದನ್ನೇ ಮಾಡಿದೆ.

ಆಮೇಲೆ ಎರಡು ಕೆಲಸ ಮಾಡಿದ್ವಿ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಇದ್ದವರಿಗಷ್ಟೇ ಪ್ರವೇಶ ಕೊಟ್ವಿ. 'ಫೇಲ್‌ಟುಬ್ಯಾನ್' ಹಾಕಿದ್ವಿ. ಇದು ಲಾಗ್ ಓದ್ತಾ, 10 ನಿಮಿಷದಲ್ಲಿ 5 ಸಲ ತಪ್ಪಿದ ಐಪಿಯನ್ನ 10 ನಿಮಿಷ ಹೊರಗಿಡುತ್ತೆ. ಬೇಕಂದ್ರೆ ಈ ಲೆಕ್ಕ ಹೆಚ್ಚಿಸಬಹುದು.

ಇನ್ನೊಂದು ಮಾತು. ಹಳೇ ಲಾಗ್‌ಗಳನ್ನ ಸಿಸ್ಟಂ ತಾನಾಗೇ ಅಳಿಸ್ತಾ ಹೋಗುತ್ತೆ. ಆದ್ರೆ 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನ 180 ದಿನ ಇಟ್ಟಿರಬೇಕು. ಅಕ್ರಮ ಪ್ರವೇಶ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ನಿಮ್ಮದು ಶ್ರೀನಿವಾಸಪುರದ ಪುಟ್ಟ ಮಾವಿನ ಮಂಡಿಯೇ ಆಗಿರಲಿ, ಈ ಅಭ್ಯಾಸ ಒಳ್ಳೇದು. ದುಡ್ಡು ಹೋದ್ರೆ 1930ಕ್ಕೆ ತಕ್ಷಣ ಕರೆ ಮಾಡಿ.

ಇವತ್ತು ರಾತ್ರಿ ಒಮ್ಮೆ 'ಲಾಸ್ಟ್‌ಬಿ' ಹೊಡೆದು ನೋಡಿ. ಸ್ಕ್ರೀನ್‌ಶಾಟ್ ಮಾತ್ರ ಕಳಿಸಬೇಡಿ! ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.