ಒತ್ತಕ್ಷರ ಅಳಿಯದ ಅಚ್ಚು

ಬಂಟ್ವಾಳ ತಾಲೂಕಿನವರು ಪಹಣಿಗಾಗಿ ಬಿ.ಸಿ.ರೋಡಿಗೆ ಬರುತ್ತಾರೆ. ಆಟಿ ತಿಂಗಳಲ್ಲಿ ತೆಗೆಸಿದ ಪ್ರತಿಯನ್ನೂ ಬೇಸಗೆಯಲ್ಲಿ ತೆಗೆಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಮಳೆಗಾಲದ್ದು ಮಂಕಾಗಿರುತ್ತದೆ. ಅದರಲ್ಲೂ ಮೊದಲು ಮಾಯವಾಗುವುದು ಒತ್ತಕ್ಷರ. ಕೊರಗಪ್ಪ ಶೆಟ್ಟಿ ಎಂಬ ಹೆಸರಿನ ಎರಡು ಒತ್ತುಗಳು ಹಾರಿಹೋದರೆ ಬ್ಯಾಂಕಿನವರಿಗೆ ಅದು ಬೇರೆಯೇ ಹೆಸರು. ಸೆಂಟ್ಸಿನ ಹಿಂದಿನ ಚುಕ್ಕೆ ಅಳಿಸಿದರೆ ಜಾಗದ ಅಳತೆಯೇ ಅನುಮಾನಕ್ಕೆ ಬೀಳುತ್ತದೆ.

ಅಕ್ಷರವನ್ನು ಸ್ಪಷ್ಟವಾಗಿ ಮೂಡಿಸುವ ವಿದ್ಯೆಯಲ್ಲಿ ಈ ಸೀಮೆ ಹಿಂದೆ ಬಿದ್ದದ್ದಲ್ಲ. ಮೂಡುಬಿದಿರೆಯ ಜೈನ ಬಸದಿಯಲ್ಲಿ ಉಳಿದುಬಂದ ಧವಲಾ ಗ್ರಂಥದ ತಾಳೆಗರಿಗಳು 12ನೇ ಶತಮಾನದವು, ಹಳಗನ್ನಡ ಲಿಪಿಯವು. ದಕ್ಷಿಣದ ಹೆಚ್ಚಿನ ಓಲೆಗಳಲ್ಲಿ ಕಂಟದಿಂದ ಕೊರೆದು ಮಸಿ ತಿಕ್ಕಿದರೆ, ಇಲ್ಲಿ ಶಾಯಿಯಿಂದಲೇ ಬರೆದು ಬಣ್ಣದ ಚಿತ್ರಗಳನ್ನೂ ಬಿಡಿಸಿದ್ದಾರೆ. ಅದಕ್ಕೆ ಬೇಕಾದದ್ದು ಶ್ರೀತಾಳೆಯ ಗರಿ. ಅದು ಅಗಲ, ತೆಳು, ಮೃದು, ಶಾಯಿಯನ್ನು ಹಿಡಿದುಕೊಳ್ಳುತ್ತದೆ. ದಪ್ಪ ತಾಳೆಗರಿ ಕೊರೆಯುವುದಕ್ಕೇ ಸರಿ. ಬರೆಯುವ ಮೈಗೆ ತಕ್ಕ ಶಾಯಿ ಆರಿಸಿಕೊಳ್ಳಬೇಕೆಂದು ಆ ಲಿಪಿಕಾರರಿಗೆ ತಿಳಿದಿತ್ತು. ಧವಲಾದ ಮೊದಲ ಸಂಪುಟ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮುದ್ರಣವಾಗುವ ತನಕ ಆ ಅಕ್ಷರ ಓದುವಂತಿತ್ತು. ನನಗೆ ಇದಕ್ಕಿಂತ ದೊಡ್ಡ ಗುಣಮಟ್ಟದ ಪರೀಕ್ಷೆ ಗೊತ್ತಿಲ್ಲ.

ಕಾಗದದ ಅಚ್ಚು ಮಂಗಳೂರಿನಿಂದ ಬಂತು. 1841ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಒದ್ದೆ ಕಲ್ಲು ಎಣ್ಣೆ ಶಾಯಿಯನ್ನು ದೂರ ತಳ್ಳುತ್ತದೆ, ಜಿಡ್ಡಿನ ಅಕ್ಷರ ಮಾತ್ರ ಶಾಯಿ ಹಿಡಿಯುತ್ತದೆ. ಕೈಬರಹವೇ ಕಲ್ಲಿಗಿಳಿಯುವುದರಿಂದ ಒತ್ತಿಗೆ ತೊಂದರೆಯಿಲ್ಲ. ಸೀಸದ ಮೊಳೆ ಬಂದಾಗ ತೊಡಕು ಶುರು. ಗುಣಿತ, ಒತ್ತು ಎಂದು ನೂರಾರು ಮೊಳೆ ಜೋಡಿಸಬೇಕು. ಸವೆದರೆ ಸಣ್ಣ ಒತ್ತೇ ಮೊದಲು ಮಂಕಾಗುತ್ತದೆ. ಕಿಟ್ಟೆಲರ ನಿಘಂಟು ಅದೇ ಮುದ್ರಣಾಲಯದಿಂದ 1894ರಲ್ಲಿ ಬಂತು. ಅದರ ಒಂದು ಪುಟ ನೋಡಿದರೂ ಸಾಕು, ಮೊಳೆ ಜೋಡಿಸಿದವರ ಕೈಗೆ ಮುಗಿಯಬೇಕು ಅನ್ನಿಸುತ್ತದೆ.

ಕಂಪ್ಯೂಟರ್ ಕಾಲದ ದುಡಿಮೆಯಲ್ಲೂ ಊರಿನ ಪಾಲಿದೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದು ಕನ್ನಡದಲ್ಲಿ ಮನೆಮಾತು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಆದರೆ ಟೈಪಿಸಿದ್ದು ಹಾಳೆಗೂ ಇಳಿಯಬೇಕು. 9 ಸೂಜಿಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕದ ತಲೆಯಲ್ಲಿ ಕನ್ನಡದ ಅಕ್ಷರ, ಅದರಡಿಯ ಒತ್ತು ಎರಡೂ ಹಿಡಿಯುವುದು ಕಷ್ಟ. 24 ಸೂಜಿ ಬಂದ ಮೇಲೆ ಸುಧಾರಿಸಿತು. 1984ರಲ್ಲಿ ಬಂದ ಎಚ್‌ಪಿ ಲೇಸರ್‌ಜೆಟ್ ಇಂಚಿಗೆ 300 ಚುಕ್ಕೆ ಹಾಕುತ್ತಿತ್ತು. 12 ಪಾಯಿಂಟಿನ ಅಕ್ಷರಕ್ಕೆ ಸಿಗುವುದು ನೇರ 50 ಚುಕ್ಕೆಯ ಎತ್ತರ. 600 ಆದಾಗ ಅದು 100. ಕನ್ನಡದ ಒತ್ತಿಗೆ ನಿಜವಾಗಿ ಉಸಿರು ಬಂದದ್ದು ಆಗ.

ಆಮೇಲೆ ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲೂಕುಗಳ ಪಹಣಿ ಗಣಕಕ್ಕೆ ಏರಿತು. ಗ್ರಾಮಕರಣಿಕರ ಕೈಬರಹದ ಪ್ರತಿಯ ಬದಲು ಆಗ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಹಕ್ಕಿನ ದಾಖಲೆ ಮುದ್ರಕದ ಕೈಗೆ ಬಂದದ್ದು ಹೀಗೆ. ಬಂಟ್ವಾಳ, ಬೆಳ್ತಂಗಡಿಯ ಕಚೇರಿಗಳಲ್ಲಿ, ಮೊದಲು ಮಂಗಳೂರು ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ಮೂಡುಬಿದಿರೆಯಲ್ಲಿ ಪ್ರಿಂಟರ್ ಎಂದರೆ ಬರೀ ಯಂತ್ರವಲ್ಲ, ಅದು ಜನರ ಜಾಗದ ಸಾಕ್ಷಿ.

ಇಷ್ಟಾಗಿಯೂ ಮಳೆಗಾಲದಲ್ಲಿ ಅಕ್ಷರ ಮಂಕಾಗುವುದೇಕೆ? ಲೇಸರ್ ಮುದ್ರಕದಲ್ಲಿ ಡ್ರಮ್ಮಿಗೆ ವಿದ್ಯುದಂಶ ಕೊಡುತ್ತಾರೆ, ಲೇಸರ್ ಬೆಳಕು ಅಕ್ಷರದ ಆಕಾರ ಬರೆಯುತ್ತದೆ, ಅಲ್ಲಿಗೆ ಟೋನರ್ ಪುಡಿ ಅಂಟುತ್ತದೆ. ಆ ಪುಡಿಯನ್ನು ಕಾಗದಕ್ಕೆ ಎಳೆಯುವುದೂ ವಿದ್ಯುದಂಶವೇ. ಕೊನೆಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಫ್ಯೂಸರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಕೂರಿಸುತ್ತದೆ. ಕಾಗದ ತೇವ ಹೀರಿದ್ದರೆ ವಿದ್ಯುದಂಶ ಅದರ ಮೂಲಕ ಸೋರಿಹೋಗುತ್ತದೆ. ಪುಡಿ ಪೂರ್ತಿ ಇಳಿಯುವುದಿಲ್ಲ, ಹಾಳೆ ಬಿಸಿಯಲ್ಲಿ ಸುರುಳಿಯಾಗುತ್ತದೆ, ಒಳಗೆ ಸಿಕ್ಕಿಬೀಳುತ್ತದೆ. ಕಲ್ಲಚ್ಚಿಗೆ ನೀರು ಗೆಳೆಯ, ಲೇಸರಿಗೆ ಶತ್ರು. ನಮ್ಮ ಜುಲೈಯಲ್ಲಿ ಗಾಳಿಯ ತೇವಾಂಶ ಶೇ. 80, 90 ದಾಟುವುದು ದಿನನಿತ್ಯದ ಮಾತು. ಆಗ ಕಾಗದದ ಕಟ್ಟನ್ನು ತೆರೆದಿಟ್ಟರೆ ಕೆಲವೇ ತಾಸಿನಲ್ಲಿ ತಣ್ಣಗಾಗಿ ಮೆತ್ತಗಾಗುತ್ತದೆ.

ಪರಿಹಾರ ದುಬಾರಿಯಲ್ಲ. ಕಾಗದದ ಕಟ್ಟಿನ ಹೊದಿಕೆಯೇ ತೇವ ತಡೆಯುವಂಥದ್ದು, ಅದನ್ನು ಬೇಕಾದಾಗ ಮಾತ್ರ ಬಿಚ್ಚಬೇಕು. ಗೋಡೆಗೆ ತಾಗಿಸದೆ ನೆಲಕ್ಕಿಡದೆ ಕಪಾಟಿನಲ್ಲಿಡಬೇಕು. ಸಂಜೆ ಟ್ರೇಯ ಉಳಿದ ಹಾಳೆ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಮರುದಿನ ಬೆಳಗ್ಗೆ ವ್ಯತ್ಯಾಸ ಗೊತ್ತಾಗುತ್ತದೆ. ಟೋನರ್ ಉಳಿಸುವ ಎಕಾನಮಿ ಮೋಡ್ ಕರಡಿಗೆ ಆಗಬಹುದು, ದಾಖಲೆಗೆ ಖಂಡಿತ ಬೇಡ. ಅದು ಉಳಿಸುವ ಪುಡಿ ಒತ್ತಿನ ಪಾಲಿನದು. ಬೆರಳಲ್ಲಿ ಉಜ್ಜಿದರೆ ಅಕ್ಷರ ಉದುರಿತೇ? ಒಂದೋ ತೇವದ ಕಾಗದ, ಇಲ್ಲವೇ ಫ್ಯೂಸರಿನ ಬಿಸಿಗೆ ಹೊಂದದ ರೀಫಿಲ್ ಪುಡಿ. ಹಾಳೆಯಲ್ಲಿ ಒಂದೇ ಕಲೆ ಮತ್ತೆ ಮತ್ತೆ ಬಂದರೆ ಸ್ಕೇಲಿನಲ್ಲಿ ಅಳೆಯಿರಿ. ಸುಮಾರು 75 ಮಿ.ಮೀ.ಗೊಂದು ಬರುತ್ತಿದ್ದರೆ 24 ಮಿ.ಮೀ. ವ್ಯಾಸದ ಡ್ರಮ್ಮಿನ ಒಂದು ಸುತ್ತು ಅದು. ಸಣ್ಣ ಮುದ್ರಕಗಳಲ್ಲಿ ಹೆಚ್ಚಾಗಿ ತಪ್ಪಿತಸ್ಥ ಅಲ್ಲಿಯೇ ಸಿಗುತ್ತದೆ.

ಝೆರಾಕ್ಸ್ ಅಂಗಡಿಗೆ ಬರುವ ಕಡತದ್ದು ಬೇರೆ ಕಾಯಿಲೆ. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿರುವ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಬಂದ ಪಹಣಿ ಕುಗ್ಗಿ ಬಂದಿರುತ್ತದೆ. ಎಷ್ಟು ಒಳ್ಳೆಯ ಯಂತ್ರವೂ ಅದರ ಒತ್ತನ್ನು ಮರಳಿ ತರಲಾರದು. ಪಿಡಿಎಫ್ ಆಗಿ, ಡಾಕ್ಯುಮೆಂಟ್ ರೂಪದಲ್ಲೇ ಕಳಿಸಿ.

ಮೂರೂ ತಾಲೂಕುಗಳ ಕಚೇರಿಯವರಲ್ಲಿ ನನ್ನದೊಂದು ವಿನಂತಿ: ಜೂನ್ ಬರುವ ಮೊದಲು ಕಾಗದದ ಜಾಗ ಒಣಗಿಸಿ, ಮುದ್ರಕ ಶುಚಿಗೊಳಿಸಿ. ಪಹಣಿ ಪಡೆಯುವವರಲ್ಲಿ ಇನ್ನೊಂದು: ಕೌಂಟರ್ ಬಿಡುವ ಮೊದಲು ಸರ್ವೆ ನಂಬ್ರ, ಹಿಸ್ಸಾ, 9ನೇ ಕಾಲಮ್ಮಿನ ಹೆಸರು, 11ನೇ ಕಾಲಮ್ಮಿನ ಸಾಲದ ವಿವರ ಓದಿ. ಒಂದು ಒತ್ತು ಕಾಣದಿದ್ದರೂ ಮತ್ತೊಂದು ಪ್ರತಿ ಕೇಳಿ.