ಪ್ರಾಯೋಗಿಕ ಉದ್ಯಮಶೀಲತಾ ಶಿಕ್ಷಣ

ಪ್ರಾಯೋಗಿಕ ಉದ್ಯಮಶೀಲತಾ ಶಿಕ್ಷಣವು ವಿದ್ಯಾರ್ಥಿಗಳು ಪದವಿ ವ್ಯಾಸಂಗದ ಅವಧಿಯಲ್ಲಿಯೇ ನವೋದ್ಯಮಗಳ ಅಥವಾ ಸಣ್ಣ ಉದ್ಯಮಗಳ ಜೊತೆ ಕೆಲಸ ಮಾಡಿ ವ್ಯವಹಾರವನ್ನು ಕಲಿಯುವ ಬೋಧನಾ ಪದ್ಧತಿಯಾಗಿದೆ. ಗ್ರಾಹಕರನ್ನು ಕಾಣುವುದು, ಮಾದರಿಯನ್ನು ತಯಾರಿಸುವುದು, ಬೆಲೆ ಕಟ್ಟುವುದು, ಮಾರುವುದು ಮತ್ತು ಲೆಕ್ಕ ಬರೆಯುವುದು ಇದರ ಮುಖ್ಯ ಅಂಗಗಳು. ಕರಕುಶಲ ಕಲೆ, ಪ್ರವಾಸೋದ್ಯಮ ಹಾಗೂ ಕೃಷಿ ಒಂದೆಡೆ ಸೇರಿರುವ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪ್ರದೇಶವು ಈ ಪದ್ಧತಿಯ ಸಾಧ್ಯತೆಗಳನ್ನೂ ಮಿತಿಗಳನ್ನೂ ಅರಿಯಲು ಅನುಕೂಲವಾದ ನಿದರ್ಶನವಾಗಿದೆ.

ಇತಿಹಾಸ

ವಿಶ್ವವಿದ್ಯಾಲಯ ಮಟ್ಟದ ಉದ್ಯಮಶೀಲತಾ ಬೋಧನೆಯು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೈಲ್ಸ್ ಮೇಸ್ ಅವರು 1947ರಲ್ಲಿ ಆರಂಭಿಸಿದ ಪಾಠಗಳಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅದೇ ದೇಶದ ಬ್ಯಾಬ್ಸನ್ ಕಾಲೇಜು ಮುಂದೆ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಸಾಲ ನೀಡಿ, ತಂಡಗಳಲ್ಲಿ ನಿಜವಾದ ವ್ಯಾಪಾರ ನಡೆಸುವಂತೆ ಮಾಡಿತು.

ಭಾರತದಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರು 1964ರಲ್ಲಿ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ತರಬೇತಿ ನೀಡುವ ಪ್ರಯೋಗವನ್ನು ಕೈಗೊಂಡರು. ಸಾಧಿಸುವ ಹಂಬಲವು ಕೇವಲ ಹುಟ್ಟುಗುಣವಲ್ಲ, ಅದನ್ನು ತರಬೇತಿಯಿಂದಲೂ ಬೆಳೆಸಬಹುದು ಎಂಬುದು ಅವರ ನಿಲುವಾಗಿತ್ತು. ಗ್ರಾಮೀಣ ನಿರುದ್ಯೋಗಿ ಯುವಜನರಿಗಾಗಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯೂ, 1983ರಲ್ಲಿ ಅಹಮದಾಬಾದಿನಲ್ಲಿ ಭಾರತೀಯ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆಯೂ ಸ್ಥಾಪನೆಗೊಂಡವು.

ಕಾಲೇಜು ವಿದ್ಯಾರ್ಥಿಗಳತ್ತ ಸರ್ಕಾರದ ಗಮನ ಹರಿದದ್ದು ಹೆಚ್ಚಾಗಿ 2015ರ ನಂತರ. ಕರ್ನಾಟಕದ 2015–2020ರ ಸ್ಟಾರ್ಟ್‌ಅಪ್ ನೀತಿಯು ಬೆಂಗಳೂರಿನ ಹೊರಗಿನ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಯೋಜನೆಗಳಿಗೆ ನೆರವು ನೀಡುವ ಇನ್‌ಕ್ಯುಬೇಷನ್ ಜಾಲವನ್ನು ರೂಪಿಸಿತು. ಕೇಂದ್ರ ಸರ್ಕಾರದ ಸ್ಟಾರ್ಟ್‌ಅಪ್ ಇಂಡಿಯಾ ಕಾರ್ಯಕ್ರಮವು 2016ರ ಜನವರಿ 16ರಂದು ಆರಂಭವಾಯಿತು. 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟ್‌ಅಪ್ ನೀತಿಯು ನವೋದ್ಯಮದ ಕೆಲಸವನ್ನು ಪದವಿಯ ಪ್ರಾಜೆಕ್ಟ್ ಆಗಿ ಪರಿಗಣಿಸಲು ಮತ್ತು ಅದಕ್ಕಾಗಿ ವ್ಯಾಸಂಗಕ್ಕೆ ಬಿಡುವು ಪಡೆಯಲು ಅವಕಾಶ ಕಲ್ಪಿಸಿತು. ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನದ ಲೀಡ್ ಕಾರ್ಯಕ್ರಮವು ಉತ್ತರ ಕರ್ನಾಟಕದ ವಿದ್ಯಾರ್ಥಿಗಳು ತಾವೇ ಯೋಜಿಸಿದ ಸ್ಥಳೀಯ ಕೆಲಸಗಳಿಗೆ ನೆರವಾಗುವುದರ ಮೂಲಕ ಪರಿಚಿತವಾಗಿದೆ.

ಹೊಸಪೇಟೆ ಮತ್ತು ಸುತ್ತಲಿನ ಪ್ರದೇಶ

ಹೊಸಪೇಟೆಯು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೇಂದ್ರ. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿವೆ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. ಈ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾಗಿದೆ. 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ಹೊಂದಿದೆ. 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಭಾಷೆ, ಸಂಸ್ಕೃತಿ ಹಾಗೂ ಜಾನಪದದ ಸಂಶೋಧನೆಗೆ ಮೀಸಲಾಗಿದ್ದರೂ, ಕರಕುಶಲ ವಸ್ತುವಿನ ಹಿನ್ನೆಲೆಯನ್ನು ಅರಿಯಬಯಸುವ ವಿದ್ಯಾರ್ಥಿಗೆ ಅದರ ಜ್ಞಾನಭಂಡಾರವು ಉಪಯುಕ್ತ.

ಇಲ್ಲಿನ ಉದ್ಯಮಗಳ ಸ್ವರೂಪ ಬಹುಮುಖವಾದುದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಸಂಡೂರು ಕುಶಲ ಕಲಾ ಕೇಂದ್ರವು ಈ ಕಲೆಯನ್ನು ತಾಂಡಾಗಳ ಮಹಿಳೆಯರ ಜೀವನೋಪಾಯವಾಗಿ ಬೆಳೆಸಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ನದಿಯಾಚೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ವಸ್ತುಗಳ ತಯಾರಿಕೆಯನ್ನು ಬೆಳೆಸಿತು. ಕಂಪ್ಲಿಯ ಸುತ್ತಲಿನ ತುಂಗಭದ್ರಾ ತೀರದಲ್ಲಿ ಭತ್ತ, ಕಬ್ಬು ಮತ್ತು ಬಾಳೆಯ ಬೆಳೆಗಳಿವೆ.

ಬೋಧನೆಯ ಕ್ರಮ

ಈ ಪದ್ಧತಿಯಲ್ಲಿ ವಿದ್ಯಾರ್ಥಿ ತಂಡವು ಮೊದಲು ತಯಾರಕರನ್ನೂ ಕೊಳ್ಳುವವರನ್ನೂ ನೇರವಾಗಿ ಕಂಡು ಮಾತನಾಡುತ್ತದೆ. ಬಳಿಕ ಅಲ್ಪ ಪ್ರಮಾಣದಲ್ಲಿ ಸರಕನ್ನು ಮಾರಿ, ಬಂದ ಪ್ರತಿಕ್ರಿಯೆಗೆ ತಕ್ಕಂತೆ ಯೋಜನೆಯನ್ನು ತಿದ್ದಿಕೊಳ್ಳುತ್ತದೆ. ತರಗತಿಯಲ್ಲಿ ಸುಲಭವೆನಿಸುವ ಬೆಲೆ ನಿರ್ಣಯವು ಇಲ್ಲಿ ಅತ್ಯಂತ ಕಠಿಣ ಪಾಠವಾಗುತ್ತದೆ.

ಉದಾಹರಣೆಗಾಗಿ, ಒಂದು ಕಸೂತಿ ಕೈಚೀಲಕ್ಕೆ ಬಟ್ಟೆ, ದಾರ ಮತ್ತು ಕನ್ನಡಿಗೆ 120 ರೂ., ಕಸೂತಿಯ ಕೂಲಿಗೆ 300 ರೂ., ಹೊಲಿಗೆಗೆ 60 ರೂ. ತಗುಲುತ್ತದೆಂದು ಭಾವಿಸೋಣ. ಒಟ್ಟು ವೆಚ್ಚ 480 ರೂ. ಹಂಪಿಯ ಪ್ರವಾಸಿಗೆ ನೇರವಾಗಿ 700 ರೂಪಾಯಿಗೆ ಮಾರಿದರೆ 220 ರೂ. ಉಳಿಯುತ್ತದೆ. ಅದೇ ಬೆಲೆಗೆ ಅಂಗಡಿಯ ಮೂಲಕ ಮಾರಿ, ಅಂಗಡಿಯವರು ಶೇ. 30ರಷ್ಟು ಪಾಲು ಪಡೆದರೆ ಕೈಗೆ ಬರುವುದು 490 ರೂ. ಉಳಿಯುವುದು ಕೇವಲ 10 ರೂ. ಸಾಗಣೆಯ ಖರ್ಚು ಮತ್ತು ಮಾರಾಟವಾಗದ ಸರಕನ್ನು ಸೇರಿಸಿದರೆ ನಷ್ಟವೇ ಸರಿ. ಆಗ ಬೆಲೆ ಏರಿಸುವುದು, ವಿನ್ಯಾಸವನ್ನು ಸರಳಗೊಳಿಸುವುದು, ನೇರ ಮಾರಾಟವನ್ನು ಹುಡುಕುವುದು ಅಥವಾ ಕೂಲಿಯನ್ನು ಕಡಿತಗೊಳಿಸುವುದು ಎಂಬ ದಾರಿಗಳು ಎದುರಾಗುತ್ತವೆ. ಕಾಗದದ ಮೇಲೆ ಕೊನೆಯದೇ ಸುಲಭ. ಆದರೆ ಅದರ ಹೊರೆಯನ್ನು ಹೊರುವವಳು ಕಸೂತಿ ಹಾಕುವ ಮಹಿಳೆ.

ಕಾನೂನಿನ ಅಂಶಗಳು

ಭೌಗೋಳಿಕ ಸೂಚಕವು ನೋಂದಾಯಿತ ಹೆಸರಾದುದರಿಂದ ಅದನ್ನು ಬೇರೆಡೆ ತಯಾರಿಸಿದ ಸರಕಿಗೆ ಅಂಟಿಸುವಂತಿಲ್ಲ. ನೋಂದಣಿಯ ಅವಧಿ 10 ವರ್ಷ, ಆನಂತರ ನವೀಕರಿಸಬೇಕು. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ಕಡಿಮೆ ಬಂಡವಾಳದ ಉದ್ಯಮಕ್ಕೆ ಲಾಭದಷ್ಟೇ ಮುಖ್ಯವಾದುದು ಹಣ ಕೈಸೇರುವ ಸಮಯ. ಇನ್ನು ಸಂಸ್ಥೆಯ ಸೌಲಭ್ಯಗಳನ್ನು ಬಳಸಿ ಬೆಳೆದ ನವೋದ್ಯಮದಲ್ಲಿ ಶೇ. 2ರಿಂದ 9.5ರವರೆಗೆ ಪಾಲು ಪಡೆಯಲು 2019ರ ನೀತಿಯು ಶಿಕ್ಷಣ ಸಂಸ್ಥೆಗೆ ಅವಕಾಶ ನೀಡುತ್ತದೆ.

ಮಿತಿಗಳು

ಈ ಶಿಕ್ಷಣದ ಪ್ರಮುಖ ಮಿತಿ ಕಾಲಾವಧಿಗೆ ಸಂಬಂಧಿಸಿದುದು. ವಿದ್ಯಾರ್ಥಿಯ ಕೆಲಸ ಸೆಮಿಸ್ಟರಿನೊಂದಿಗೆ ಮುಗಿಯುತ್ತದೆ, ಉದ್ಯಮ ಮುಂದುವರಿಯಬೇಕು. ಹಂಪಿಗೆ ಪ್ರವಾಸಿಗರು ಹೆಚ್ಚಾಗಿ ಬರುವುದು ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ಬೇಸಿಗೆಯಲ್ಲಿ ಸಮೀಕ್ಷೆ ನಡೆಸಿದ ತಂಡಕ್ಕೂ ಚಳಿಗಾಲದಲ್ಲಿ ನಡೆಸಿದ ತಂಡಕ್ಕೂ ಬೇರೆ ಬೇರೆ ಮಾರುಕಟ್ಟೆಗಳೇ ಕಾಣಿಸುತ್ತವೆ. ವಿದ್ಯಾರ್ಥಿಗಳ ಅಂದಾಜನ್ನು ನಂಬಿ ಹೆಚ್ಚು ಸರಕು ತಯಾರಿಸಿದರೆ, ನಷ್ಟ ಉಳಿಯುವುದು ತಯಾರಕರ ಬಳಿ. ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಆದುದರಿಂದ ಕೆಲಸದ ಆರಂಭದಲ್ಲಿಯೇ ನಷ್ಟದ ಹೊಣೆ, ವಿನ್ಯಾಸದ ಹಕ್ಕು ಮತ್ತು ಕೂಲಿಯ ದರವನ್ನು ಉಭಯತ್ರರೂ ಲಿಖಿತವಾಗಿ ನಿಗದಿಪಡಿಸಿಕೊಳ್ಳುವುದು ಅಪೇಕ್ಷಣೀಯ. ಲೆಕ್ಕಪುಸ್ತಕ, ಗ್ರಾಹಕರ ವಿವರ ಮತ್ತು ಬೆಲೆಪಟ್ಟಿಯನ್ನು ಉದ್ಯಮದವರ ಭಾಷೆಯಲ್ಲಿಯೇ ಬರೆದು ಒಪ್ಪಿಸಿದರೆ, ಮುಂದಿನ ವರ್ಷ ಬರುವ ತಂಡವು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.